ಅಭ್ಯಾಸಬಲ

ವಿದ್ಯೆಯು ಅಭ್ಯಾಸಾಧೀನವೆಂಬ ಮಾತಿಗೆ ಅಮೆರಿಕದ ಬೇಸ್‌ಬಾಲ್ ಆಟಗಾರ ಜಿಮ್ ಅಬಟ್‌ನ ಜೀವನವು ಉಜ್ಜ್ವಲ ನಿದರ್ಶನ. ಮಿಷಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿ ಬೆಳೆದ ಈತನಿಗೆ ಹುಟ್ಟಿನಿಂದಲೇ ಬಲಗೈಯ ಹಸ್ತವಿರಲಿಲ್ಲ. ಆ ಆಟದಲ್ಲಿ ಚೆಂಡೆಸೆಯುವವನಿಗೆ ಎಸೆಯಲು ಒಂದು ಕೈ ಬೇಕು. ಚರ್ಮದ ಕೈಗವಸು ತೊಟ್ಟು, ಮರಳಿ ಬರುವ ಚೆಂಡನ್ನು ಹಿಡಿಯಲು ಇನ್ನೊಂದು ಬೇಕು. ಬಾಲಕನು ಗೋಡೆಗೆ ಚೆಂಡನ್ನೆಸೆದೆಸೆದು, ಕೈಗವಸನ್ನು ಬಲಮುಂಗೈಯ ತುದಿಯಲ್ಲಿರಿಸಿಕೊಂಡು, ಎಸೆದ ಮರುಕ್ಷಣವೇ ಎಡಗೈಯನ್ನು ಅದರೊಳಗೆ ತೂರಿಸುವ ಕೌಶಲವನ್ನು ಸಾಧಿಸಿದನು.

ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಆ ವಿದ್ಯೆ ಪಕ್ವವಾಯಿತು. 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನ ಕ್ರೀಡೆಯಾಗಿದ್ದ ಬೇಸ್‌ಬಾಲ್‌ನ ಅಂತಿಮ ಪಂದ್ಯದಲ್ಲಿ ಜಪಾನನ್ನು ಮಣಿಸಿದ ತಂಡಕ್ಕೆ ಚೆಂಡೆಸೆದವನು ಈತನೇ. ಕಾಲೇಜಿನಿಂದ ಬಂದವರು ಸಾಮಾನ್ಯವಾಗಿ ಕೆಳದರ್ಜೆಯ ತಂಡಗಳಲ್ಲಿ ವರ್ಷಗಟ್ಟಲೆ ಪಳಗಬೇಕು. ಅಬಟ್‌ನಾದರೋ 1989ರಲ್ಲಿ ನೇರವಾಗಿ ಕ್ಯಾಲಿಫೋರ್ನಿಯಾ ಏಂಜಲ್ಸ್ ತಂಡದ ಮೂಲಕ ಅತ್ಯುನ್ನತ ದರ್ಜೆಯನ್ನೇರಿ, ಆ ವರ್ಷವೇ 12 ಪಂದ್ಯಗಳನ್ನು ಗೆದ್ದುಕೊಟ್ಟನು.

ಆದರೆ ಏರಿದವನಿಗೆ ಇಳಿತವೂ ಉಂಟಷ್ಟೆ. 1996ರಲ್ಲಿ ಗೆಲುವು 2, ಸೋಲು 18. ಒಂದು ವರ್ಷ ಆಟವನ್ನೇ ತೊರೆದಿದ್ದ ಆತನು 1998ರಲ್ಲಿ, ಹಿಂದೊಮ್ಮೆ ಹಾರಿ ದಾಟಿದ್ದ ಆ ಕೆಳಗಿನ ಮೆಟ್ಟಿಲುಗಳನ್ನು ಸಂಕೋಚಪಡದೆ ಹತ್ತಿದನು. ಮೇಲಣ ದರ್ಜೆಗೆ ಮರಳಿ, ಒಂದನ್ನೂ ಸೋಲದೆ 5 ಪಂದ್ಯಗಳನ್ನು ಗೆದ್ದನು. ವಿದ್ಯಾರ್ಥಿಗಳಿಗೆ ಹೇಳಬೇಕಾದುದು ಮೊದಲ ಏರಿಕೆಯ ಕಥೆಯನ್ನಷ್ಟೇ ಅಲ್ಲ. ಈ ಎರಡನೆಯದನ್ನೂ ಹೇಳಬೇಕು.