ಗಾಲಿಯ ಟೋಪಿ

ಕಾರಿನ ಗಾಲಿಯ ಮೇಲೆ ಕೂರಿಸುವ ಪ್ಲಾಸ್ಟಿಕ್ ತಟ್ಟೆಗೆ ಅಂಗಡಿಯವರು ವೀಲ್ ಕ್ಯಾಪ್ ಎನ್ನುತ್ತಾರೆ. ಕನ್ನಡ ಮೇಷ್ಟರಾದ ತಪ್ಪಿಗೆ ನಾನು ಅದನ್ನು ಗಾಲಿಯ ಟೋಪಿ ಎಂದು ಕನ್ನಡಿಸಿಕೊಂಡೆ. ಆ ಹೆಸರು ಇಷ್ಟು ಅನ್ವರ್ಥವಾದೀತೆಂದು ಆಗ ನನಗೆ ಹೊಳೆದಿರಲಿಲ್ಲ.

ನಾನು ಹಾಸನದ ಒಂದು ಕಾಲೇಜಿನಲ್ಲಿ ಪಾಠ ಹೇಳುವವನು, ಹುಟ್ಟೂರು ಗೊರೂರು. ಗೊರೂರಿನವನು, ಅದರಲ್ಲೂ ಕನ್ನಡದವನು ಎಂದೊಡನೆ ಜನ ಹಾಸ್ಯವನ್ನು ನಿರೀಕ್ಷಿಸುತ್ತಾರೆ. ರಾಮಸ್ವಾಮಿ ಅಯ್ಯಂಗಾರ್ಯರು ಮಾಡಿಟ್ಟುಹೋದ ಆ ಸಾಲವನ್ನು ನಮ್ಮಂಥವರೆಲ್ಲ ಇಂದಿಗೂ ತೀರಿಸುತ್ತಿದ್ದೇವೆ. ಹಾಸ್ಯವೇನೋ ನನ್ನ ಕೈಗೆ ಹತ್ತಲಿಲ್ಲ. ಹಾಸ್ಯಾಸ್ಪದನಾಗುವ ವಿದ್ಯೆ ಮಾತ್ರ ಗುರುಗಳಿಲ್ಲದೆಯೇ ಸಿದ್ಧಿಸಿತು.

ಹೋದ ವರ್ಷ ಒಂದು ಸೆಕೆಂಡ್‌ಹ್ಯಾಂಡ್ ಕಾರು ಕೊಂಡೆ. ಮಾರಿದ ಮಹಾಶಯ ಗಾಲಿಯನ್ನು ಪ್ರೀತಿಯಿಂದ ತಟ್ಟಿ, "ಸಾರ್, ಇದು ಬರೀ ಮೇಲಿನ ಹೊದಿಕೆ. ಒಳಗಿರೋದು ಅಲಾಯ್ ವೀಲು. ಗೀರು ಬೀಳ್ಬಾರ್ದು ಅಂತ ಮುಚ್ಚಿಸಿದೀನಿ" ಎಂದ. ಅಲಾಯ್ ಎಂದರೆ ಮಿಶ್ರಲೋಹ. ಅಲ್ಯೂಮಿನಿಯಮ್ಮಿಗೆ ಸ್ವಲ್ಪ ಸಿಲಿಕಾನು, ಮೆಗ್ನೀಸಿಯಮ್ಮು ಬೆರಸಿ ಎರಕ ಹೊಯ್ದದ್ದು. ನೋಡುವುದಕ್ಕೆ ಚೆಂದ, ತೂಕದಲ್ಲಿ ಸಾಮಾನ್ಯವಾಗಿ ಉಕ್ಕಿಗಿಂತ ಹಗುರ. ಪಂಚಲೋಹವೆಂದರೆ ಉತ್ಸವಮೂರ್ತಿಯನ್ನು ನೆನೆಯುವ ನನಗೆ ಅಷ್ಟು ಮಾತೇ ಸಾಕಾಯಿತು. ದೇವಸ್ಥಾನಗಳಲ್ಲಿ ಕಲ್ಲಿನ ಮೂರ್ತಿಗೆ ಬೆಳ್ಳಿಯ ಕವಚ ತೊಡಿಸುತ್ತಾರೆ; ಇಲ್ಲಿ ಲೋಹದ ಮೂರ್ತಿಗೆ ಪ್ಲಾಸ್ಟಿಕ್ಕಿನ ಕವಚ! ಕಾಲಧರ್ಮ ಎಂದುಕೊಂಡೆ. ತೆಗೆದು ನೋಡಿದೆನೆ? ಇಲ್ಲ. ನೋಡದೆಯೇ ಸ್ಟಾಫ್ ರೂಮಿನಲ್ಲಿ ಎರಡು ಸಲ, ಮಾವನವರ ಮನೆಯಲ್ಲಿ ಒಂದು ಸಲ, ಒಳಗೆ ಅಲಾಯ್ ಇದೆಯೆಂದು ಮಾತಿನ ನಡುವೆ ತೇಲಿಸಿಬಿಟ್ಟೆ.

ಗಾಲಿಯ ಹೊಳಪಿಗೆ ಮರುಳಾಗುವುದು ನನ್ನ ಹಳೆಯ ಚಾಳಿ. ನಮ್ಮೂರ ಹೇಮಾವತಿಯ ಅಣೆಕಟ್ಟು ಮುಗಿದದ್ದು 1979ರಲ್ಲಿ. ನಾನು ಹುಡುಗನಾಗಿದ್ದಾಗ ಅದನ್ನು ನೋಡಲು ಬರುವ ಅಧಿಕಾರಿಗಳ ಅಂಬಾಸಿಡರ್ ಕಾರುಗಳು ಮರದ ನೆರಳಿನಲ್ಲಿ ನಿಲ್ಲುತ್ತಿದ್ದವು. ಅವುಗಳ ಗಾಲಿಯ ನಡುವೆ ಬೋರಲು ಹಾಕಿದ ಬಟ್ಟಲಿನಂಥ ಹೊಳೆಯುವ ಮುಚ್ಚಳ. ಅದರೆದುರು ಕುಕ್ಕರಗಾಲಿನಲ್ಲಿ ಕುಳಿತರೆ ಮೂಗು ಕುಂಬಳಕಾಯಿಯಷ್ಟಾಗಿ, ಕಿವಿಗಳು ಎಲ್ಲೋ ದೂರದಲ್ಲಿ ಕಾಣುತ್ತಿದ್ದವು. ನಾವು ಸರದಿಯಲ್ಲಿ ಅಲ್ಲಿ ಕ್ರಾಪು ತೀಡಿಕೊಳ್ಳುತ್ತಿದ್ದೆವು. 2014ರಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿತೆಂದು ಪತ್ರಿಕೆಯಲ್ಲಿ ಓದಿದಾಗ ನನಗೆ ಮೊದಲು ನೆನಪಾದದ್ದು ನನ್ನ ಆ ಮೂಗು.

ನಮ್ಮ ತಂದೆಯವರ ಗಾಲಿಯ ಜ್ಞಾನ ಬೇರೆ ಜಾತಿಯದು. ಅವರು ಎತ್ತಿನಗಾಡಿಯ ಕಾಲದವರು. ಗಾಡಿ ಕಟ್ಟುವ ಮೊದಲು ಅಚ್ಚಿಗೆ ಕೀಲೆಣ್ಣೆ ಬಿಡುವುದು, ಆಮೇಲೆ ಬಗ್ಗಿ ಎರಡೂ ಕಡೆಯ ಕಡಾಣಿಯನ್ನು ಬೆರಳಿನಿಂದ ಮುಟ್ಟಿ ನೋಡುವುದು. ಇದು ತಪ್ಪಿದ ದಿನವನ್ನು ನಾನು ಕಾಣೆ. ಕಣ್ಣಿನಿಂದ ನೋಡಿದರೆ ಸಾಲದೆ ಎಂದು ಕೇಳಿದರೆ ಕೈಕೇಯಿಯ ಕಥೆ ತೆಗೆಯುತ್ತಿದ್ದರು. ಯುದ್ಧದಲ್ಲಿ ದಶರಥನ ರಥದ ಕಡಾಣಿ ಬಿದ್ದುಹೋಗಲು ಆಕೆ ಅಲ್ಲಿ ತನ್ನ ಬೆರಳನ್ನೇ ಇಟ್ಟು ಗಂಡನನ್ನು ಉಳಿಸಿದಳಂತೆ. ಎಂ.ಎ. ಮಾಡಿದ ಮೇಲೆ ನಾನು, ವಾಲ್ಮೀಕಿಯಲ್ಲಿ ಆ ಬೆರಳಿನ ಮಾತಿಲ್ಲ, ಅದು ಜನ ಕಟ್ಟಿದ ಕಥೆ ಎಂದು ತಿದ್ದಿದೆ. "ವಾಲ್ಮೀಕಿ ಗಾಡಿ ಹೊಡ್ದಿದ್ನೇನ್ಲಾ?" ಎಂದರು. ನನ್ನ ಪಾಂಡಿತ್ಯ ಅಲ್ಲಿಗೆ ನಿಂತಿತು.

ಈಗ ಅವರಿಗೆ ಎಂಬತ್ತರ ಹತ್ತಿರ. ಗಾಡಿ ಹೋಗಿ, ಎತ್ತು ಹೋಗಿ ಬಹಳ ಕಾಲವಾಯಿತು. ಬೆರಳಿನ ಅಭ್ಯಾಸ ಹೋಗಿಲ್ಲ. ಹಾಸನದಿಂದ ನಾನು ಊರಿಗೆ ಹೋದಾಗಲೆಲ್ಲ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು ನಾಲ್ಕು ಟೋಪಿಗಳನ್ನೂ ತಟ್ಟುತ್ತಿದ್ದರು. "ಒಳಗೆ ಏನೈತೆ ಅಂತ ಕಾಣಾಕಿಲ್ವಲ್ಲೋ" ಎನ್ನುವರು. ಬೀದಿಯವರು ನೋಡುತ್ತಿದ್ದಾರೆಂದು ನನಗೆ ನಾಚಿಕೆ. "ಅಪ್ಪಾ, ಇದಕ್ಕೆ ಕಡಾಣಿ ಇಲ್ಲ, ಸುಮ್ಮನೆ ಹತ್ತಿ" ಎಂದು ಗದರಿದ್ದೂ ಉಂಟು.

ಮಳೆಗಾಲ ಮುಗಿದ ಮೇಲೆ ತಂದೆ, ತಾಯಿ, ಮಗಳನ್ನು ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೋದೆ. ಶಿರಾಡಿ ಘಾಟಿ ಇಳಿಯುವ ಮೊದಲೇ ಹಿಂದಿನ ಎಡಗಾಲಿ ಪಂಕ್ಚರ್. ರಸ್ತೆಬದಿಯ ಹುಡುಗನೊಬ್ಬ ಚಕ್ರ ಬಿಚ್ಚಿ, ತೂತು ಮುಚ್ಚಿ, ಟೋಪಿಯನ್ನು ಗುದ್ದಿ ಕೂರಿಸುವಷ್ಟರಲ್ಲಿ ನಾನು ಎದುರಿನ ಹೋಟೆಲಿನಲ್ಲಿ ಕಾಫಿ ಮುಗಿಸಿದೆ. ಅಲಾಯ್ ದರ್ಶನದ ಆ ಸುಮುಹೂರ್ತ ಹಾಗೆ ತಪ್ಪಿತು. ಚಕ್ರ ಬಿಚ್ಚಿ ಹಾಕಿದ ಮೇಲೆ ಐವತ್ತು ನೂರು ಕಿಲೋಮೀಟರು ಓಡಿಸಿ ನಟ್ಟುಗಳನ್ನು ಇನ್ನೊಮ್ಮೆ ಬಿಗಿಮಾಡಬೇಕೆಂಬುದು ಕಾರು ಬಲ್ಲವರಿಗೆಲ್ಲ ಗೊತ್ತು. ಟೋಪಿ ಮುಚ್ಚಿದ್ದರೆ ಯಾರಿಗೆ ನೆನಪಾಗಬೇಕು? ಊರಿಗೆ ಮರಳಿದ ಕೆಲವು ದಿನಗಳಲ್ಲಿ ಹಿಂದಿನಿಂದ ಕಟಕಟ ಎಂಬ ಸದ್ದು ಶುರುವಾಯಿತು. "ಏನೋ ಸದ್ದು ಬತ್ತದಲ್ಲ" ಎಂದರು ತಂದೆ. ರಸ್ತೆ ಸರಿಯಿಲ್ಲ ಎಂದೆ. ನಮ್ಮಲ್ಲಿ ರಸ್ತೆಯನ್ನು ಬೈದರೆ ಯಾರೂ ಎದುರಾಡುವುದಿಲ್ಲ.

ಹೀಗಿರಲು ಕ್ಯಾಲಿಫೋರ್ನಿಯದಲ್ಲಿರುವ ನನ್ನ ತಮ್ಮನಿಂದ ಒಂದು ಚಿತ್ರ ಬಂತು. ಅವನದು ಟೆಸ್ಲಾ ಮಾಡೆಲ್ 3 ಎಂಬ ವಿದ್ಯುತ್ ಕಾರು. 2017ರಲ್ಲಿ ಮೊದಲು ಹೊರಬಂದ ಈ ಕಾರಿಗೆ ಕಂಪನಿಯವರೇ ಅಲಾಯ್ ಗಾಲಿಯ ಮೇಲೆ ಪ್ಲಾಸ್ಟಿಕ್ ಮುಚ್ಚಳ ಹಾಕಿ ಕೊಡುತ್ತಿದ್ದರು. ಗಾಲಿಯ ಸಂದುಗಳಲ್ಲಿ ಗಾಳಿ ಸುಳಿಗಟ್ಟಿ ಕಾರನ್ನು ಹಿಂದಕ್ಕೆ ಎಳೆಯುತ್ತದಂತೆ. ಮುಖ ಚಪ್ಪಟೆಯಾದರೆ ಎಳೆತ ಕಡಿಮೆಯಾಗಿ, ನೂರಕ್ಕೆ ಮೂರರಷ್ಟು ವಿದ್ಯುತ್ತು ಉಳಿಯುತ್ತದಂತೆ. ಟೊಯೋಟಾದವರು ಪ್ರಿಯಸ್ ಕಾರಿಗೆ 2009ರಲ್ಲಿಯೇ ಈ ಉಪಾಯ ಮಾಡಿದ್ದರು. ಅಷ್ಟು ಲೆಕ್ಕ ಹಾಕಿ ಮುಚ್ಚಿದ್ದನ್ನು ತಮ್ಮ ಕಿತ್ತು ಗ್ಯಾರೇಜಿಗೆ ಎಸೆದಿದ್ದ. "ಅಣ್ಣಾ, ತೆಗೆದರೆ ಎಷ್ಟು ಚೆನ್ನಾಗಿದೆ ನೋಡು. ಮೂರು ಪರ್ಸೆಂಟ್ ಹೋದರೆ ಹೋಗಲಿ" ಎಂದು ಬರೆದಿದ್ದ. ಅಮೆರಿಕವನ್ನು ಗೊರೂರಿನ ಕಣ್ಣಿನಿಂದ ಕಂಡು ಬರೆದ ಹಿರಿಯರಿಗೆ 1980ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು; ಗೊರೂರಿನ ಅಂಗಳದಲ್ಲಿ ಅಮೆರಿಕವನ್ನು ಕಂಡು ಕರುಬಿದ ನನಗೆ ಏನು ಬಂದಿತೆಂಬುದನ್ನು ಹೇಳುತ್ತೇನೆ.

ಅದು ಭಾನುವಾರ. ತಂದೆಯವರನ್ನೂ ಕರೆದೆ, ಪ್ರೇಕ್ಷಕರಿಲ್ಲದೆ ಪರದೆ ಎತ್ತುವುದು ಹೇಗೆ? ಅಂಚಿಗೆ ಬಟ್ಟೆ ಸುತ್ತಿದ ಸ್ಕ್ರೂಡ್ರೈವರ್ ತೂರಿಸಿ ಮುಂದಿನ ಟೋಪಿಯನ್ನು ಎಬ್ಬಿದೆ. ಒಳಗೆ ಕಪ್ಪು ಬಣ್ಣದ, ಅಂಚಿಗೆ ತುಕ್ಕು ಹಿಡಿದ ಸಾಧಾರಣ ಉಕ್ಕಿನ ಗಾಲಿ. ಎರಡನೆಯದೂ ಅದೇ. ಟೋಪಿ ಹಾಕಿಸಿಕೊಂಡದ್ದು ಗಾಲಿಯೊಂದೇ ಅಲ್ಲವೆಂಬುದು ಅಷ್ಟರಲ್ಲಿ ಸ್ಪಷ್ಟವಾಗಿತ್ತು. ಸ್ಟಾಫ್ ರೂಮು, ಮಾವನವರ ಮನೆಯ ಪಡಸಾಲೆ ಕಣ್ಣ ಮುಂದೆ ಸುಳಿದವು.

ಹಿಂದಿನ ಎಡಗಾಲಿಯ ಟೋಪಿ ಬಿಚ್ಚಿದಾಗ ಏನೋ ಠಣ್ಣೆಂದು ನೆಲಕ್ಕೆ ಬಿತ್ತು. ಒಂದು ನಟ್ಟು. ಕಟಕಟ ಎನ್ನುತ್ತಿದ್ದ ರಸ್ತೆ ಅದೇ! ನಾಲ್ಕು ಇರಬೇಕಾದ ಕಡೆ ಮೂರು. ತಂದೆಯವರು ಮಂಡಿ ಹಿಡಿದುಕೊಂಡು ಮೆಲ್ಲಗೆ ಕುಳಿತರು. ಉಳಿದ ಮೂರರಲ್ಲಿ ಒಂದಕ್ಕೆ ಬೆರಳು ಹಚ್ಚಿ ತಿರುಗಿಸಿದರು. ಅದು ತಿರುಗಿತು. ಪಾನ ಬೇಕಾಗಲಿಲ್ಲ, ಎಂಬತ್ತು ವರ್ಷದ ಎರಡು ಬೆರಳಿಗೆ ಅದು ಸಲೀಸಾಗಿ ತಿರುಗಿತು.

ಆ ಗಾಲಿಯ ಮೇಲೆಯೇ ನನ್ನ ಮಗಳು ಪ್ರತಿದಿನ ಶಾಲೆಗೆ ಹೋಗುತ್ತಿದ್ದಳು, ಕೂರುತ್ತಿದ್ದುದೂ ಎಡಗಡೆಯೇ. ನನ್ನ ಕೈ ನಡುಗುತ್ತಿತ್ತು. ತಂದೆಯವರು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಬಿದ್ದ ನಟ್ಟನ್ನು ಪಂಚೆಯ ಚುಂಗಿನಲ್ಲಿ ಒರಸಿ ನನ್ನ ಅಂಗೈಯಲ್ಲಿಟ್ಟು, ಪಾನ ತಾ ಎಂದರು. ನಾನು ಬಿಗಿಮಾಡಿದ ಪ್ರತಿಯೊಂದನ್ನೂ ತಾವೊಮ್ಮೆ ಮುಟ್ಟಿ ನೋಡಿದರು. ಹದಿನಾರಕ್ಕೆ ಹದಿನಾರು.

ಅಲಾಯ್ ನೋಡುವ ಚಪಲ ಹುಟ್ಟದಿದ್ದರೆ ಆ ನಟ್ಟು ಕಾಣುತ್ತಿರಲಿಲ್ಲ ಎಂದು ಈಗ ಮನಸ್ಸಿಗೆ ಸಮಾಧಾನ ಹೇಳಿಕೊಳ್ಳಲು ನೋಡುತ್ತೇನೆ. ಮನಸ್ಸು ಒಪ್ಪುವುದಿಲ್ಲ. ಚಪಲಕ್ಕಿಂತ ಎಷ್ಟೋ ತಿಂಗಳು ಮೊದಲೇ ಒಬ್ಬರು ಆ ಟೋಪಿಯನ್ನು ತಟ್ಟಿ ಕೇಳಿದ್ದರಲ್ಲ.

ಸೋಮವಾರ ಕಾಲೇಜಿನಲ್ಲಿ ಕಾರನ್ನು ಎಂದಿನ ಜಾಗದಲ್ಲಿಯೇ ನಿಲ್ಲಿಸಿದೆ. ಭೌತಶಾಸ್ತ್ರದ ಮಿತ್ರರು ಕಪ್ಪು ಗಾಲಿಗಳನ್ನು ನೋಡಿ, "ಏನ್ರೀ, ನಿಮ್ಮ ಅಲಾಯ್ ಇದೇನಾ?" ಎಂದರು. ಹೌದು ಎಂದೆ.

ಟೋಪಿಗಳು ಊರಿನಲ್ಲಿಯೇ ಉಳಿದವು. ಮುಂದಿನ ವಾರ ಹೋದಾಗ ಪಕ್ಕದ ಮನೆಯ ಹುಡುಗರು, ನಾವು ಸೈಕಲ್ ಟೈರು ಓಡಿಸುತ್ತಿದ್ದಂತೆ, ಅವನ್ನು ಕೋಲಿನಿಂದ ಹೊಡೆಯುತ್ತ ಬೀದಿಯುದ್ದಕ್ಕೂ ಉರುಳಿಸುತ್ತಿದ್ದರು. ಸಂಜೆ ಹೊರಡುವಾಗ ಮಗಳು ಒಳಗೆ ಕುಳಿತಾಗಿತ್ತು. ಮಂಡಿನೋವೆಂದು ತಂದೆಯವರು ಅಂದು ಜಗಲಿಯಿಂದ ಇಳಿಯಲಿಲ್ಲ.

"ಲೋ, ಕಡಾಣಿ ನೋಡ್ಕಂಡ್ಯಾ?"

ನಾನು ಬಾಗಿಲು ತೆರೆದು ಮತ್ತೆ ಕೆಳಗಿಳಿದೆ.