ಕೊಡೆ ಬಿಚ್ಚಿ ಇಳಿದಿರುತ್ತಾನೆ

ತರಗತಿಯಲ್ಲಿ 1971ರ ಯುದ್ಧದ ಪಾಠ ಬಂದಾಗ ನಾನು ನಮ್ಮ ಚಿಕ್ಕಪ್ಪನವರ ಹೆಸರನ್ನಷ್ಟೇ ಹೇಳಿ ಮುಂದಕ್ಕೆ ಸಾಗಿಬಿಡುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಅಂದು ಹೇಳದೆ ಉಳಿಸಿದ್ದನ್ನು ಇಂದು ಬರೆಯುತ್ತಿದ್ದೇನೆ.

ಅವರು ವಾಯುಪಡೆಯ ಕ್ಯಾನ್‌ಬೆರಾ ಬಾಂಬರ್ ವಿಮಾನದಲ್ಲಿ ನ್ಯಾವಿಗೇಟರ್ ಆಗಿದ್ದರು. 1957ರಲ್ಲಿ ಬ್ರಿಟನ್ನಿನಿಂದ ಬರತೊಡಗಿದ ಆ ವಿಮಾನದಲ್ಲಿ ಇಬ್ಬರೇ. ಪೈಲಟ್ ಮೇಲೆ, ಗಾಜಿನ ಗುಮ್ಮಟದೊಳಗೆ. ನ್ಯಾವಿಗೇಟರ್ ವಿಮಾನದ ಒಡಲೊಳಗೆ, ನಕ್ಷೆಗಳೊಡನೆ. ಗುರಿ ಸಮೀಪಿಸಿದಾಗ ಅವನು ಮೂತಿಯೊಳಕ್ಕೆ ತೆವಳಿ ಬೋರಲು ಮಲಗಿ ಬಾಂಬು ಬಿಡಬೇಕು. ರಜೆಗೆ ಬಂದ ಚಿಕ್ಕಪ್ಪ ಜಗುಲಿಯ ಮೇಲೆ ಹಾಗೆಯೇ ಮಲಗಿ ನಮಗೆ ತೋರಿಸಿದ್ದರು. "ಅಂಗಿ ಕೊಳೆಯಾಗುತ್ತೆ, ಏಳೋ" ಎಂದು ಅಜ್ಜಿ ಒಳಗಿನಿಂದ ಗದರಿದ್ದರು.

1971ರ ಡಿಸೆಂಬರಿನ ಒಂದು ರಾತ್ರಿ ಗಡಿ ದಾಟಿದ ಅವರ ವಿಮಾನ ಮರಳಲಿಲ್ಲ. ತಂತಿಯಲ್ಲಿ 'ಕಾಣೆಯಾಗಿದ್ದಾರೆ' ಎಂದಿತ್ತು. ಆ ಒಂದು ಪದವನ್ನು ಹಿಡಿದುಕೊಂಡು ಅಜ್ಜಿ ಇಪ್ಪತ್ತು ವರ್ಷ ಬದುಕಿದರು. ಶ್ರಾದ್ಧ ಮಾಡಗೊಡಲಿಲ್ಲ. ನಮ್ಮ 54 ಯೋಧರು ಪಾಕಿಸ್ತಾನದ ಸೆರೆಮನೆಗಳಲ್ಲಿರಬಹುದೆಂಬ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ನನ್ನಿಂದ ಎರಡೆರಡು ಬಾರಿ ಓದಿಸುತ್ತಿದ್ದರು. "ಕೊಡೆ ಬಿಚ್ಚಿ ಇಳಿದಿರುತ್ತಾನೆ, ಎಲ್ಲೋ ಇದ್ದಾನೆ" ಎನ್ನುತ್ತಿದ್ದರು. ಪ್ಯಾರಾಚೂಟಿಗೆ ಅವರಿಟ್ಟ ಹೆಸರು ಕೊಡೆ.

1984ರಲ್ಲಿ ಒಂದು ಮದುವೆಮನೆಯಲ್ಲಿ ಕ್ಯಾನ್‌ಬೆರಾದಲ್ಲಿ ಹಾರಿ ನಿವೃತ್ತರಾದ ಒಬ್ಬ ಹಿರಿಯರು ಸಿಕ್ಕಿದರು. ಆ ಬಾಂಬರಿನಲ್ಲಿ ಪೈಲಟ್‌ನನ್ನು ಹೊರಕ್ಕೆ ಚಿಮ್ಮಿಸುವ ಆಸನವಿತ್ತು, ನ್ಯಾವಿಗೇಟರಿಗೆ ಅದಿರಲಿಲ್ಲ. ಅವನು ಪಟ್ಟಿ ಬಿಚ್ಚಿ, ಬಾಗಿಲವರೆಗೆ ಸರಿದು, ತಾನೇ ಧುಮುಕಬೇಕು. "ರಾತ್ರಿ ತೀರ ಕೆಳಗೆ ಹಾರುವಾಗ ಅಷ್ಟು ಸಮಯ ಎಲ್ಲಿರುತ್ತೆ ಮೇಷ್ಟ್ರೇ?" ಎಂದು ಅವರು ಸುಮ್ಮನಾದರು. ಎಲೆಯ ಮುಂದೆ ಕುಳಿತಿದ್ದೆ; ಊಟ ಸೇರಲಿಲ್ಲ.

ಮನೆಗೆ ಬಂದಾಗ ಅಜ್ಜಿ ಕೇಳಿದರು: "ಏನಂದ್ರಂತೆ?"

"ಬಹಳ ಗಟ್ಟಿ ವಿಮಾನ ಅಂದ್ರು ಅಜ್ಜಿ" ಎಂದೆ. ನಲವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಕಲಿಸಿದವನು ನಾನು! ಅಪ್ಪನಿಗೂ ತಿಳಿಸಲಿಲ್ಲ. ಅದು ಕರುಣೆಯೋ, ಅಂಜಿಕೆಯೋ, ನನಗೆ ಇಂದಿಗೂ ಬಗೆಹರಿದಿಲ್ಲ.

ಅಜ್ಜಿ 1992ರಲ್ಲಿ ತೀರಿಕೊಂಡರು. ಮರುವರ್ಷ ಅಪ್ಪ ಮೊದಲ ಬಾರಿಗೆ ತಮ್ಮನಿಗೆ ಪಿಂಡವಿಡಲು ಕುಳಿತರು. ಪುರೋಹಿತರು ತಿಥಿ ಕೇಳಿದರು. ತಿಥಿ ಯಾರಿಗೆ ಗೊತ್ತು? ಕೊನೆಗೆ ಮಹಾಲಯ ಅಮಾವಾಸ್ಯೆ ಎಂದಾಯಿತು. ಈಗ ಅದನ್ನು ನಾನು ಮಾಡುತ್ತಿದ್ದೇನೆ.