ಶನಿವಾರದ ಹೊಟ್ಟೆನೋವು

ಎರಿಕ್ ಕಾರ್ಲ್ ಅವರ 'ದಿ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್' (1969) ಚಿತ್ರಪುಸ್ತಕ ಹಿಡಿದ ಮಕ್ಕಳು ಸೋಮವಾರದ ಸೇಬು, ಮಂಗಳವಾರದ ಮರಸೇಬು ಎಲ್ಲವನ್ನೂ ಸರಸರ ದಾಟಿ ಶನಿವಾರಕ್ಕೆ ಬಂದು ಕೂತುಬಿಡುತ್ತಾರೆ. ಚಾಕೊಲೇಟ್ ಕೇಕು, ಐಸ್‌ಕ್ರೀಂ, ಲಾಲಿಪಾಪ್, ಚೆರ್ರಿ ಪೈ, ಕಪ್‌ಕೇಕು. ನಡುವೆ ಚೀಸು, ಸಲಾಮಿ ಬೇರೆ! ಎಲ್ಲದರಲ್ಲೂ ಕಥೆಯ ಹಸಿದ ಕಂಬಳಿಹುಳ ಕೊರೆದ ತೂತು. ಕಾಗದಕ್ಕೆ ಪಂಚಿಂಗ್ ಮೆಷಿನ್ನಿನಲ್ಲಿ ತೂತು ಹೊಡೆಯುವಾಗ ಕಾರ್ಲ್‌ಗೆ ಹೊಳೆದ ಕಥೆಯಂತೆ ಇದು. ಆ ತೂತಿಗೆ ಬೆರಳು ತೂರಿಸದ ಮಗುವನ್ನು ನಾನಂತೂ ಕಂಡಿಲ್ಲ.

ರಾತ್ರಿ ಹುಳಕ್ಕೆ ಹೊಟ್ಟೆನೋವು. ಭಾನುವಾರ ಒಂದು ಹಸಿರೆಲೆ ತಿಂದರೆ ಗುಣ. ಅಷ್ಟೇ! ಕಾರ್ಲ್ ಬೈಯುವುದಿಲ್ಲ, ಹಲ್ಲು ಹುಳುಕಾಗುತ್ತೆ ಅಂತ ಹೆದರಿಸುವುದೂ ಇಲ್ಲ. (ಅದಕ್ಕೆ ನಾವಿದ್ದೇವಲ್ಲ.) ಅಷ್ಟೆಲ್ಲ ತಿಂದು ದಪ್ಪಗಾದ ಹುಳಕ್ಕೇ ಕೊನೆಗೆ ಬಣ್ಣದ ರೆಕ್ಕೆ ಬರುತ್ತದೆ. 'ನೋಡು, ಸಿಹಿ ಜಾಸ್ತಿ ತಿಂದ್ರೆ ಏನಾಗುತ್ತೆ' ಅಂತ ಶುರುಮಾಡಿದ ಅಪ್ಪ-ಅಮ್ಮಂದಿರಿಗೆ ಆ ಪುಟದಲ್ಲಿ ಸ್ವಲ್ಪ ಇಕ್ಕಟ್ಟೇ.